ಅಜ್ಜಿಯ ಬ್ರ್ಯಾಕೆಟ್

ಕ್ರಿಕೆಟ್ ನೋಡಿಕೊಂಡೇ ಬೆಳೆದ ಎರಡು ಮನೆಗಳ ನಡುವೆ ಆದ ಮದುವೆ ನಮ್ಮದು. ಆದರೂ ನಮ್ಮ ಮನೆಯಲ್ಲಿ ಎಲ್ಲರೂ ಒಂದೇ ಸೋಫಾದ ಮೇಲೆ ಒತ್ತಿಕೊಂಡು ಕೂತು, ಸಾರು ಆರಿ ತಣ್ಣಗಾದರೂ ಏಳದೆ ನೋಡುವ ಆಟ ಕ್ರಿಕೆಟ್ ಅಲ್ಲ. ಅದು ಅಮೆರಿಕದ ಕಾಲೇಜು ಹುಡುಗರು ಮಾರ್ಚ್ ತಿಂಗಳಲ್ಲಿ ಆಡುವ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ. ಇದು ಹೇಗಾಯಿತು ಎಂಬ ಪ್ರಶ್ನೆ ಬಹಳ ದಿನಗಳಿಂದ ನನ್ನನ್ನು ಕೊರೆಯುತ್ತಿದೆ. ಬೆಂಗಳೂರಿನಿಂದ ಬಂದ ನೆಂಟರೊಬ್ಬರು ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಗೀಟುಗಳ ಮೇಲೆ ಗೀಟು ಎಳೆದ ಪಟ್ಟಿಯನ್ನು ನೋಡಿ, "ಕಾಲೇಜು ಹುಡುಗರ ಆಟಕ್ಕೆ ಇಷ್ಟೊಂದು ಸಂಭ್ರಮವೇ? ನಮ್ಮ ಕಾಲೇಜಿನ ಟೀಮು ಆಡುವಾಗ ಅದೇ ಕಾಲೇಜಿನವರೂ ನೋಡಲು ಹೋಗುತ್ತಿರಲಿಲ್ಲವಲ್ಲ" ಎಂದು ಕೇಳಿದಾಗ, ನನಗೆ ತಕ್ಷಣ ಸಮರ್ಪಕವಾದ ಉತ್ತರ ಹೊಳೆಯಲಿಲ್ಲ. ಅವರ ಮಾತು ನಿಜವಾಗಿತ್ತು. ನಾನು ಓದಿದ ಕಾಲೇಜಿಗೂ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. ಮಣ್ಣಿನ ಅಂಕಣದಲ್ಲಿ ಸಂಜೆ ಹೊತ್ತು ಅವರು ಅಭ್ಯಾಸ ಮಾಡುತ್ತಿದ್ದರು. ಅಂತರಕಾಲೇಜು ಪಂದ್ಯದಲ್ಲಿ ಅವರು ಗೆದ್ದರೋ ಸೋತರೋ ಎನ್ನುವುದು ನೋಟಿಸ್ ಬೋರ್ಡಿಗೆ ಬಂದ ಮೇಲೆ ನಮಗೆ ತಿಳಿಯುತ್ತಿತ್ತು, ತಿಳಿದರೂ ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ.

ಕ್ರಿಕೆಟ್ ನಮ್ಮ ಮನೆಯಿಂದ ಹೊರಗೆ ಹೋಗಿದೆ ಎಂದೇನೂ ಅಲ್ಲ. ಯಜಮಾನರು ಈಗಲೂ ನಸುಕಿನಲ್ಲಿ ಎದ್ದು, ಮೊಬೈಲಿನ ಬೆಳಕು ಯಾರಿಗೂ ತಾಗದಂತೆ ಮೂಲೆಯಲ್ಲಿ ಕೂತು ಟೆಸ್ಟ್ ಪಂದ್ಯ ನೋಡುತ್ತಾರೆ. ಆದರೆ ಒಬ್ಬರೇ ನೋಡುತ್ತಾರೆ. ಮಕ್ಕಳು ಚಿಕ್ಕವರಿದ್ದಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಪ್ರಯತ್ನವನ್ನೂ ಮಾಡಿದರು. ತೊಂದರೆ ಇದ್ದದ್ದು ಆ ಕಲಿಸುವಿಕೆಯಲ್ಲಿಯೇ. ಒಂದು ಓವರ್ ಮುಗಿಯುವುದರೊಳಗೆ 1996ರ ಅಕ್ಟೋಬರ್‌ಗೆ ಹೋಗಿಬಿಡುತ್ತಿದ್ದರು: ಚಿನ್ನಸ್ವಾಮಿ ಕ್ರೀಡಾಂಗಣ, ಟೈಟಾನ್ ಕಪ್, ಎದುರಿಗೆ ಆಸ್ಟ್ರೇಲಿಯಾ, ಸಚಿನ್ ಔಟಾದ ಮೇಲೆ ಅರ್ಧ ಊರು ಟೀವಿ ಆರಿಸಿದ್ದು, ಆಮೇಲೆ ಕುಂಬ್ಳೆ ಮತ್ತು ಶ್ರೀನಾಥ್ ಒಂಬತ್ತನೇ ವಿಕೆಟ್ಟಿಗೆ ಮುರಿಯದೆ ನಿಂತು ಪಂದ್ಯ ಗೆಲ್ಲಿಸಿದ್ದು, ಸ್ಟ್ಯಾಂಡಿನಲ್ಲಿ ಕೂತಿದ್ದ ಕುಂಬ್ಳೆಯವರ ತಾಯಿಯನ್ನು ಕ್ಯಾಮೆರಾ ತೋರಿಸಿದ್ದು. ಕಥೆ ಚೆನ್ನಾಗಿಯೇ ಇದೆ, ನನಗೂ ಅದು ಬಾಯಿಪಾಠ. ಆದರೆ ಮಕ್ಕಳ ಪಾಲಿಗೆ ಕ್ರಿಕೆಟ್ ಎಂದರೆ ಅಪ್ಪನಿಗೆ ಎಲ್ಲವೂ ಗೊತ್ತಿರುವ, ತಮಗೆ ಏನೂ ಗೊತ್ತಿಲ್ಲದ, ಪ್ರಶ್ನೆ ಕೇಳಿದರೆ ಉತ್ತರದ ಜೊತೆಗೆ ಅರ್ಧ ಗಂಟೆಯ ಇತಿಹಾಸವೂ ಬರುವ ಆಟವಾಯಿತು. ಮಗಳು ಹೋಮ್‌ವರ್ಕಿನ ನೆಪ ಹೇಳಿ ಎದ್ದಳು. ಮಗ ನೆಪವನ್ನೂ ಹೇಳಲಿಲ್ಲ.

ಶಾಲೆಯ ಚೀಲದಲ್ಲಿ ಬಂದ ಕಾಗದ

ನಾವಿರುವುದು ನಾರ್ತ್ ಕೆರೊಲಿನಾದ ಕೇರಿ ಎಂಬ ಊರಿನಲ್ಲಿ. ಈ ಊರಿನ ಸುತ್ತ, ಕಾರಿನಲ್ಲಿ ಅರ್ಧ ಗಂಟೆ ಆಚೀಚೆಯ ದೂರದಲ್ಲಿ, ಮೂರು ವಿಶ್ವವಿದ್ಯಾಲಯಗಳಿವೆ. ಚಾಪೆಲ್ ಹಿಲ್‌ನಲ್ಲಿ ತಿಳಿನೀಲಿ ಬಣ್ಣದ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ, ಡರ್ಹಮ್‌ನಲ್ಲಿ ಕಡುನೀಲಿಯ ಡ್ಯೂಕ್, ರಾಲಿಯಲ್ಲಿ ಕೆಂಪು ಬಣ್ಣದ ಎನ್‌ಸಿ ಸ್ಟೇಟ್. ಈ ಸೀಮೆಗೆ 1988ರಲ್ಲಿ ಶಾರ್ಲೆಟ್ ಹಾರ್ನೆಟ್ಸ್ ಬರುವವರೆಗೆ ವೃತ್ತಿಪರರ ಲೀಗ್ ಆದ ಎನ್‌ಬಿಎಯ ತಂಡವೇ ಇರಲಿಲ್ಲ. ಹಾಗಾಗಿ ಇಲ್ಲಿಯವರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಮೊದಲಿನಿಂದಲೂ ಕಾಲೇಜಿನ ಬ್ಯಾಸ್ಕೆಟ್‌ಬಾಲ್. ಯಾವ ಬಣ್ಣದ ಟೀಶರ್ಟ್ ಹಾಕಿಕೊಂಡು ಅಂಗಡಿಗೆ ಹೋಗುತ್ತೀರಿ ಎನ್ನುವುದರ ಮೇಲೆ ಬಿಲ್ಲು ಹಾಕುವವರು ನಿಮ್ಮ ಜೊತೆ ಮಾತನಾಡುವ ಧಾಟಿ ಬದಲಾಗುತ್ತದೆ. ಊರಿಗೆ ಬಂದ ಹೊಸದರಲ್ಲಿ ಇದನ್ನು ತಿಳಿಯದೆ, ರಿಯಾಯಿತಿಯಲ್ಲಿ ಸಿಕ್ಕಿತೆಂದು ಇವರಿಗೆ ಕಡುನೀಲಿ, ನನಗೆ ಕೆಂಪು ಕೊಂಡುಕೊಂಡು ಒಟ್ಟಿಗೆ ತಿರುಗಾಡುತ್ತಿದ್ದೆವು. ಜನ ನಮ್ಮನ್ನು ನೋಡಿ ಏಕೆ ನಗುತ್ತಾರೆಂದು ತಿಳಿಯಲು ಒಂದು ಚಳಿಗಾಲ ಕಳೆಯಬೇಕಾಯಿತು.

ಆಟವನ್ನು ಮನೆಗೆ ತಂದವರು ಮಕ್ಕಳು. ಇಲ್ಲಿಯ ಶಾಲೆಗಳಲ್ಲಿ ಹಳೆಯದೊಂದು ರೂಢಿಯಿದೆ: ಮಾರ್ಚ್ ತಿಂಗಳಲ್ಲಿ, ಈ ಸೀಮೆಯ ಕಾಲೇಜುಗಳಿರುವ ಒಕ್ಕೂಟವಾದ ಎಸಿಸಿಯ ಪಂದ್ಯಾವಳಿಯ ಶುಕ್ರವಾರ ಮೇಷ್ಟ್ರುಗಳು ತರಗತಿಗೇ ಟೀವಿ ತಂದು, ಪಾಠ ನಿಲ್ಲಿಸಿ ಪಂದ್ಯ ಹಾಕುತ್ತಿದ್ದರು. ನಮ್ಮ ಮಕ್ಕಳ ಕಾಲಕ್ಕೆ ಅದು ಪ್ರೊಜೆಕ್ಟರಿಗೆ ಬಂದಿತ್ತು. ಅದಾದ ಮರುವಾರ ಮಗಳ ಚೀಲದಲ್ಲಿ ಗಣಿತದ ಮೇಷ್ಟ್ರು ಕೊಟ್ಟ ಜೆರಾಕ್ಸ್ ಹಾಳೆಯೊಂದು ಬಂತು. ಎಡಬಲಗಳಲ್ಲಿ ಸಾಲುಸಾಲು ಕಾಲೇಜುಗಳ ಹೆಸರು, ಎರಡೆರಡು ಹೆಸರುಗಳನ್ನು ಕೂಡಿಸುವ ಗೀಟು, ಆ ಗೀಟುಗಳೆಲ್ಲ ಸೇರುತ್ತಾ ಸೇರುತ್ತಾ ನಡುವೆ ಒಂದೇ ಖಾಲಿ ಜಾಗ. ಅದೇ ಬ್ರ್ಯಾಕೆಟ್. 68 ತಂಡಗಳು, ಸೋತವರು ಅಂದೇ ಮನೆಗೆ, ಮೂರು ವಾರಗಳಲ್ಲಿ 67 ಪಂದ್ಯ. ಮೊದಲ ನಾಲ್ಕು ಪಂದ್ಯಗಳನ್ನು ಬಿಟ್ಟರೆ ಉಳಿಯುವ 63ರಲ್ಲಿ ಯಾರು ಗೆಲ್ಲುತ್ತಾರೆ ಎಂಬುದನ್ನು ಗುರುವಾರ ಮಧ್ಯಾಹ್ನ ಆಟ ಶುರುವಾಗುವ ಮೊದಲೇ ತುಂಬಿ ಮುಗಿಸಬೇಕು. ನಾಣ್ಯ ಚಿಮ್ಮಿ ತುಂಬುವುದಾದರೆ ಪೂರ್ತಿ ಸರಿಯಾಗುವ ಸಾಧ್ಯತೆ ಎಷ್ಟರಲ್ಲಿ ಒಂದು ಎನ್ನುವುದೇ ಅಂದಿನ ಲೆಕ್ಕ. ಉತ್ತರವಾಗಿ ಬಂದದ್ದು 9ರ ಮುಂದೆ ಇನ್ನೂ 18 ಅಂಕಿಗಳಿರುವ ಸಂಖ್ಯೆ. ಮಗಳು ಅದನ್ನು ಓದಿ ಹೇಳಲು ಹೋಗಿ ನಕ್ಕಳು. ಮನೆಯವರೆಲ್ಲ ಒಂದೊಂದು ಹಾಳೆ ತುಂಬಬೇಕೆಂದು ಪಟ್ಟು ಹಿಡಿದಳು. ಅಂದಿನಿಂದ ನಾವು ತುಂಬುತ್ತಲೇ ಬಂದಿದ್ದೇವೆ.

ಅಡುಗೆಮನೆಗೂ ಈ ಆಟಕ್ಕೂ ಒಳ್ಳೆಯ ಹೊಂದಾಣಿಕೆ ಇದೆ ಎನ್ನುವುದನ್ನು ಇಲ್ಲಿ ಹೇಳಬೇಕು, ಏಕೆಂದರೆ ನನ್ನನ್ನು ಒಳಗೆಳೆದದ್ದು ಅದೇ. ಇಪ್ಪತ್ತು ನಿಮಿಷಗಳ ಎರಡು ಅರ್ಧ. ಒಂದೊಂದು ಅರ್ಧದಲ್ಲಿ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಜಾಹೀರಾತಿಗೆಂದೇ ಆಟ ನಿಲ್ಲಿಸುತ್ತಾರೆ. ಒಂದು ವಿರಾಮದಲ್ಲಿ ಎರಡು ಚಪಾತಿ ಬೇಯಿಸಿ ಬರಬಹುದು. ಕೊನೆಯ ಎರಡು ನಿಮಿಷದ ಮಾತು ಬೇರೆ. ಹಿಂದೆ ಬಿದ್ದ ತಂಡದವರು ಗಡಿಯಾರ ನಿಲ್ಲಿಸಲು ಬೇಕೆಂದೇ ಫೌಲ್ ಮಾಡುತ್ತಾರೆ, ಎದುರಾಳಿ ಫ್ರೀ ಥ್ರೋ ಎಸೆಯುತ್ತಾನೆ, ತರಬೇತುದಾರರು ಟೈಮ್ ಔಟ್ ಕೇಳುತ್ತಾರೆ. ಟೀವಿಯ ಎರಡು ನಿಮಿಷ ನಮ್ಮ ಗೋಡೆ ಗಡಿಯಾರದಲ್ಲಿ ಸಲೀಸಾಗಿ ಇಪ್ಪತ್ತು ನಿಮಿಷವಾಗುತ್ತದೆ. "ಇನ್ನೇನು ಎರಡೇ ನಿಮಿಷ ಅಮ್ಮಾ, ಮುಗಿದ ತಕ್ಷಣ ಊಟಕ್ಕೆ ಬರ್ತೀವಿ" ಎಂಬ ಮಾತನ್ನು ನಂಬಿ ಅನ್ನ ಬಡಿಸಿಕೊಂಡು ಕಾಯುವುದನ್ನು ನಾನು ಬೇಗನೆ ಬಿಟ್ಟೆ. ತಟ್ಟೆ ಹಿಡಿದು ಅಲ್ಲಿಗೇ ಹೋದೆ.

ನೆಂಟರಿರುವ ಊರುಗಳು

2018ರ ಮಾರ್ಚಿನಲ್ಲಿ ನಮ್ಮ ಅತ್ತೆಯವರು ಇಲ್ಲಿದ್ದರು. ದಸರಾ ಮುಗಿಸಿಕೊಂಡು ಮೈಸೂರಿನಿಂದ ಬಂದವರು, ವೀಸಾದ ಆರು ತಿಂಗಳು ತುಂಬುವ ಮೊದಲು ಹೊರಡಬೇಕಿತ್ತು. ಚಳಿಗಾಲವೆಲ್ಲ ಕಿಟಕಿಯ ಹೊರಗೆ ಎಲೆಯಿಲ್ಲದ ಮರಗಳನ್ನು ನೋಡಿ ಬೇಸತ್ತಿದ್ದರು. ಮಗ ಆಗ ಹೈಸ್ಕೂಲಿನಲ್ಲಿದ್ದ. ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಪಂಡಿತನೆಂದು ತನ್ನನ್ನು ತಾನೇ ನೇಮಿಸಿಕೊಂಡಿದ್ದ. ಯಾವ ತಂಡ ಚೆಂಡು ಕೈಗೆ ಬಂದ ನೂರು ಸರದಿಗೆ ಎಷ್ಟು ಅಂಕ ಗಳಿಸುತ್ತದೆ, ಎಷ್ಟು ಬಿಟ್ಟುಕೊಡುತ್ತದೆ ಎಂಬುದನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟುಕೊಂಡು, ಆ ವರ್ಷ ಆರಿಜೋನಾ ಕಪ್ ಗೆಲ್ಲುತ್ತದೆ ಎಂದು ತೀರ್ಮಾನಿಸಿದ್ದ. ಆರಿಜೋನಾದಲ್ಲಿ ಡಿಆಂಡ್ರೆ ಏಟನ್ ಎಂಬ ಏಳಡಿ ಎತ್ತರದ ಹುಡುಗನಿದ್ದ, ಮೂರೇ ತಿಂಗಳಲ್ಲಿ ಎನ್‌ಬಿಎ ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಮೊದಲ ಆಯ್ಕೆಯಾದವನು. ಆದ್ದರಿಂದ ಅದು ಅವನೊಬ್ಬನ ಅಭಿಪ್ರಾಯವೂ ಆಗಿರಲಿಲ್ಲ.

ಅತ್ತೆಗೂ ಒಂದು ಹಾಳೆ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು, ಪ್ರತಿಯೊಂದು ಹೆಸರನ್ನೂ ಮೊಮ್ಮಗನಿಂದ ಓದಿಸಿ, ಆ ಕಾಲೇಜು ಯಾವ ಊರಿನಲ್ಲಿದೆ ಎಂದು ಕೇಳಿದರು. ನಾವು ಗೊತ್ತಿದ್ದಷ್ಟು ಹೇಳಿದೆವು. ಅವರ ವಿಧಾನ ಏನೆಂದು ನಮಗೆ ಅರ್ಥವಾದದ್ದು ಹಾಳೆಯ ಕಾಲುಭಾಗ ಮುಗಿದ ಮೇಲೆ. ನೆಂಟರು ಇರುವ ಊರು ಗೆಲ್ಲುತ್ತದೆ. ಇಲ್ಲದ ಊರು ಸೋಲುತ್ತದೆ. ಎರಡೂ ಕಡೆ ನೆಂಟರಿದ್ದರೆ, ಯಾರು ಕಳೆದ ವರ್ಷ ಫೋನ್ ಮಾಡಿದ್ದರೋ ಅವರ ಊರು. ಹ್ಯೂಸ್ಟನ್, ಪರ್ಡ್ಯೂ, ಮಿಶಿಗನ್, ಸಿನ್ಸಿನಾಟಿ ಎಲ್ಲವೂ ಈ ಲೆಕ್ಕದಲ್ಲಿ ಮುಂದೆ ಹೋದವು. ತಂಡಗಳನ್ನು ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿನಲ್ಲೂ ಬಲದ ಪ್ರಕಾರ 1ರಿಂದ 16ರವರೆಗೆ ಶ್ರೇಯಾಂಕ ಕೊಟ್ಟಿರುತ್ತಾರೆ. ಆರಿಜೋನಾದ ಎದುರು ಮೊದಲ ಸುತ್ತಿನಲ್ಲಿ ಇದ್ದದ್ದು 13ನೇ ಶ್ರೇಯಾಂಕದ ಬಫಲೋ.

"ಬಫಲೋ ಬರಿ" ಎಂದರು ಅತ್ತೆ.

"ಅಜ್ಜೀ, ಅದು ಆಗೋ ಮಾತಲ್ಲ. ಆರಿಜೋನಾ ಫೈನಲ್‌ಗೆ ಹೋಗೋ ಟೀಮು."

"ನಮ್ಮ ತಂಗಿ ಮೊಮ್ಮಗ ಅಲ್ಲೇ ಅಲ್ವೇನೋ ಎಂ.ಎಸ್. ಮಾಡಿದ್ದು? ಮೊಣಕಾಲುದ್ದ ಹಿಮದಲ್ಲಿ ನಡ್ಕೊಂಡು ಹೋಗಿ ಓದಿದ್ದಾನೆ. ಅಂಥ ಊರಿನ ಹುಡುಗರು ಬಿಸಿಲು ಕಾಯೋರಿಗೆ ಹೆದರ್ತಾರಾ? ಬರಿ ಪುಟ್ಟ."

ಆ ಗುರುವಾರ ರಾತ್ರಿ ತಡವಾಗಿ ಶುರುವಾದ ಪಂದ್ಯಕ್ಕೆ ಅತ್ತೆ ಶಾಲು ಹೊದ್ದು ಎಚ್ಚರವಾಗಿಯೇ ಕೂತಿದ್ದರು. ಆಟದ ನಿಯಮಗಳಲ್ಲಿ ಅವರಿಗೆ ಗೊತ್ತಿದ್ದದ್ದು ಚೆಂಡು ಬುಟ್ಟಿಯೊಳಗೆ ಬೀಳಬೇಕು ಎಂಬುದೊಂದೇ. ಬಫಲೋ ಹುಡುಗರು ಮೊದಲಿನಿಂದಲೂ ಓಡುತ್ತಲೇ ಇದ್ದರು. ಏಳಡಿ ಹುಡುಗ ಬುಟ್ಟಿಯ ಕೆಳಗೆ ನಿಂತಿದ್ದರೆ ಇವರು ದೂರದಿಂದಲೇ ಮೂರು ಮೂರು ಅಂಕಗಳನ್ನು ಎಸೆದರು. 89-68. ಗೆದ್ದದ್ದಷ್ಟೇ ಅಲ್ಲ, 21 ಅಂಕಗಳ ಅಂತರ. ಮಗನ ಚಾಂಪಿಯನ್ ಮೊದಲ ದಿನವೇ ಮನೆಗೆ ಹೋಗಿದ್ದ. ಅವನು ಅಜ್ಜಿಯ ಕಡೆ ತಿರುಗಿ ಏನನ್ನೋ ಹೇಳಹೊರಟು, ಹೇಳಲು ಏನೂ ಸಿಕ್ಕದೆ, ತನ್ನ ಅಂಕಿಅಂಶದ ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡದ್ದನ್ನು ನಾನು ನೋಡಿದೆ. ಅತ್ತೆ ಮಾತ್ರ ತಮ್ಮ ತಂಗಿಗೆ ಫೋನ್ ಮಾಡಬೇಕೆಂದರು. ಮೈಸೂರಿನಲ್ಲಿ ಆಗ ಬೆಳಗಿನ ತಿಂಡಿಯ ಸಮಯ. "ನಿನ್ನ ಮೊಮ್ಮಗನ ಕಾಲೇಜು ಗೆದ್ದಿತು ಕಣೇ" ಎಂದು ಇವರು ಹೇಳಿದರೆ, ಆ ಕಡೆಯವರು "ಅವನು ಓದು ಮುಗಿಸಿ ಎಷ್ಟು ವರ್ಷ ಆಯ್ತು, ಈಗ ಏನು ಗೆಲ್ಲೋದು" ಎಂದು ಕೇಳಿದ್ದು ನಮಗೂ ಕೇಳಿಸಿತು.

ಮರುದಿನ ರಾತ್ರಿ ಅದಕ್ಕಿಂತ ದೊಡ್ಡದಾಯಿತು. ಇಡೀ ಪಂದ್ಯಾವಳಿಗೇ ಮೊದಲ ಶ್ರೇಯಾಂಕ ಪಡೆದಿದ್ದ ವರ್ಜೀನಿಯಾ, ನಮ್ಮದೇ ರಾಜ್ಯದ ಶಾರ್ಲೆಟ್ ನಗರದಲ್ಲಿ ಯುಎಂಬಿಸಿ ಎಂಬ ತಂಡದ ಎದುರು ಆಡುತ್ತಿತ್ತು. ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್, ಬಾಲ್ಟಿಮೋರ್ ಕೌಂಟಿ. ನಮ್ಮವರಿಗೆ ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಎಸ್. ಮಾಡುವ ಜಾಗವೆಂದು ಗೊತ್ತು, ಅಮೆರಿಕನ್ನರಿಗೆ ಚದುರಂಗದ ತಂಡಕ್ಕೆ ಹೆಸರಾದ ಜಾಗವೆಂದು ಗೊತ್ತು. ಪುರುಷರ ಪಂದ್ಯಾವಳಿ 64 ತಂಡಗಳಿಗೆ ಬೆಳೆದ 1985ರಿಂದ ಅಂದಿನವರೆಗೆ, 1ನೇ ಶ್ರೇಯಾಂಕದವರು 16ನೇ ಶ್ರೇಯಾಂಕದವರೊಡನೆ ಆಡಿದ 135 ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ನಮ್ಮ ನಾಲ್ಕೂ ಹಾಳೆಗಳಲ್ಲಿ, ಅತ್ತೆಯ ಐದನೆಯದರಲ್ಲಿ ಕೂಡ, ವರ್ಜೀನಿಯಾ ಎಂದೇ ಇತ್ತು. ಅತ್ತೆಯ ಅಣ್ಣನ ಮಗಳು ಆ ರಾಜ್ಯದ ಫೇರ್‌ಫ್ಯಾಕ್ಸಿನಲ್ಲಿದ್ದಾಳೆ. ಅರ್ಧ ಆಟ ಮುಗಿದಾಗ 21-21. ಆಮೇಲೆ ಜೈರಸ್ ಲೈಲ್ಸ್ ಎಂಬ ಹುಡುಗ ಎಸೆದದ್ದೆಲ್ಲ ಒಳಗೆ ಬೀಳತೊಡಗಿತು. ಅವನೊಬ್ಬನೇ 28 ಅಂಕ ಗಳಿಸಿದ. ಕೊನೆಗೆ 74-54. ದ್ವಿತೀಯಾರ್ಧದ ನಡುವೆ ಎಲ್ಲೋ ನಮ್ಮೆಲ್ಲರ ಬ್ರ್ಯಾಕೆಟ್ ಹಾಳಾದದ್ದು ಮರೆತುಹೋಗಿ, ಐದೂ ಜನ ಎದ್ದು ನಿಂತು ಬಾಲ್ಟಿಮೋರಿನ ಹುಡುಗರ ಪರವಾಗಿ ಕೂಗುತ್ತಿದ್ದೆವು. ಮುಗಿದ ಮೇಲೆ ಅತ್ತೆ ಸೋಲಿಗೆ ಕಾರಣ ವಿಚಾರಿಸಿದರು. ವರ್ಜೀನಿಯಾ ವಿಶ್ವವಿದ್ಯಾಲಯ ಇರುವುದು ಫೇರ್‌ಫ್ಯಾಕ್ಸಿನಲ್ಲಲ್ಲ, ಎರಡು ಗಂಟೆ ದೂರದ ಶಾರ್ಲಟ್ಸ್‌ವಿಲ್‌ನಲ್ಲಿ ಎಂದು ಇವರು ವಿವರಿಸಿದಾಗ, "ಹಾಗನ್ನು ಮತ್ತೆ. ನಮ್ಮೋರು ಇಲ್ಲದ ಊರು ಅದು. ಮೊದಲೇ ಹೇಳಬಾರದಿತ್ತಾ?" ಎಂದು ತಮ್ಮ ಸಿದ್ಧಾಂತಕ್ಕೆ ಕೂದಲೂ ಕೊಂಕದಂತೆ ನೋಡಿಕೊಂಡರು.

ಅದರ ಮರುದಿನ, ಶನಿವಾರ, ಬಫಲೋ ಕೆಂಟಕಿಗೆ ಸೋತಿತು. ಆ ವರ್ಷ ಮನೆಯೊಳಗಿನ ಸ್ಪರ್ಧೆ ಗೆದ್ದವರು ಯಾರೆಂಬುದು ಈಗ ಯಾರಿಗೂ ನೆನಪಿಲ್ಲ.

ಯಾರೂ ಯಾರನ್ನೂ ತಿದ್ದದ ಮೂರು ವಾರ

ಹೊರದೇಶದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ನಾನು ಹೇಳುವುದು ಅರ್ಥವಾದೀತು. ಇಂಥ ಮನೆಯಲ್ಲಿ ತಿದ್ದುವ ಕೆಲಸ ಎರಡೂ ದಿಕ್ಕಿನಲ್ಲಿ ಎಡೆಬಿಡದೆ ನಡೆಯುತ್ತಿರುತ್ತದೆ. ನಾವು ಅವರ ಕನ್ನಡವನ್ನು ತಿದ್ದುತ್ತೇವೆ, ದೊಡ್ಡವರು ಬಂದಾಗ ಎದ್ದು ನಿಲ್ಲಲಿಲ್ಲವೆಂದು ತಿದ್ದುತ್ತೇವೆ, ಎಡಗೈಯಲ್ಲಿ ಪ್ರಸಾದ ತೆಗೆದುಕೊಂಡರೆ ತಿದ್ದುತ್ತೇವೆ. ಅವರು ನಮ್ಮ ಉಚ್ಚಾರಣೆಯನ್ನು ತಿದ್ದುತ್ತಾರೆ, ಶಾಲೆಗೆ ಬರೆದ ಇಮೇಲನ್ನು ತಿದ್ದುತ್ತಾರೆ, ಹೋಟೆಲಿನಲ್ಲಿ ನಾವು ಮಾಣಿಯನ್ನು ಕರೆದ ರೀತಿಗೆ ನಾಚಿಕೊಂಡು ಮೇಜಿನ ಕೆಳಗಿನಿಂದ ಕಾಲು ತುಳಿಯುತ್ತಾರೆ. ಅಜ್ಜಿ ಬಂದಾಗ ಆ ಕೆಲಸಕ್ಕೆ ಮೂರನೆಯ ಪದರವೊಂದು ಸೇರಿ, ನಾನು ಸಾರಿಗೆ ಹಾಕಿದ ಹುಳಿಯ ಪ್ರಮಾಣವೂ ಪರಿಶೀಲನೆಗೆ ಒಳಗಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಲೋಕ ಚೆನ್ನಾಗಿ ಗೊತ್ತು, ಉಳಿದವರಿಗೆ ಅದು ಗೊತ್ತಿಲ್ಲ, ಅಷ್ಟೇ.

ಕ್ರಿಕೆಟ್ ನಮ್ಮನ್ನು ಒಟ್ಟಿಗೆ ಕೂರಿಸದೆ ಹೋದದ್ದಕ್ಕೆ ಕಾರಣ ಇದೇ ಎಂದು ನನಗೆ ಈಗ ತೋರುತ್ತದೆ. ಅದು ಅಪ್ಪನ ಸ್ವತ್ತು. ಅಲ್ಲಿ ಮಕ್ಕಳು ಎಂದಿದ್ದರೂ ಕೇಳುಗರು. ಹಾಗೆಂದು ಬ್ಯಾಸ್ಕೆಟ್‌ಬಾಲ್ ಮಕ್ಕಳ ಸ್ವತ್ತಾಗಿದ್ದರೆ, ನಾವು ಅವರ ಮುಂದೆ ಪೆದ್ದುಪೆದ್ದಾಗಿ ಪ್ರಶ್ನೆ ಕೇಳುತ್ತಾ ಕೂರಬೇಕಾಗಿತ್ತು, ಎರಡು ವರ್ಷದಲ್ಲಿ ನಾವೂ ಎದ್ದು ಹೋಗುತ್ತಿದ್ದೆವು. ಹಾಗಾಗದಂತೆ ಕಾಪಾಡಿದ್ದು ಒಂದೇ ಪಂದ್ಯದಲ್ಲಿ ಎಲ್ಲವೂ ಮುಗಿದುಹೋಗುವ ಈ ಪಂದ್ಯಾವಳಿಯ ಕಟ್ಟು. ಎನ್‌ಬಿಎಯಲ್ಲಿ ಎರಡು ತಂಡಗಳು ಏಳು ಪಂದ್ಯಗಳ ಸರಣಿ ಆಡುತ್ತವೆ, ಬಲಶಾಲಿಗಳು ಬಹುಮಟ್ಟಿಗೆ ಗೆಲ್ಲುತ್ತಾರೆ, ತಿಳಿದವರ ಮಾತು ನಿಜವಾಗುತ್ತದೆ. ಇಲ್ಲಿ ನಲವತ್ತು ನಿಮಿಷದ ಒಂದೇ ಆಟ. ಆಡುವವರು ಹತ್ತೊಂಬತ್ತು ಇಪ್ಪತ್ತರ ಹುಡುಗರು. ದೂರದಿಂದ ಎಸೆದ ಚೆಂಡು ಒಂದು ರಾತ್ರಿ ಬೀಳುತ್ತದೆ, ಇನ್ನೊಂದು ರಾತ್ರಿ ಬೀಳುವುದಿಲ್ಲ. ಅಂಕಿಅಂಶ ಓದಿದವನು ಶನಿವಾರದ ಹೊತ್ತಿಗೆ ಅಜ್ಜಿಯ ಮಟ್ಟಕ್ಕೆ ಬಂದಿರುತ್ತಾನೆ. ನಮ್ಮ ಮನೆಯಲ್ಲಿ ವರ್ಷದ ಉಳಿದ ನಲವತ್ತೊಂಬತ್ತು ವಾರ ಯಾರಾದರೊಬ್ಬರು ಸರಿ, ಯಾರಾದರೊಬ್ಬರು ತಪ್ಪು. ಮಾರ್ಚಿನ ಈ ಮೂರು ವಾರ ಎಲ್ಲರೂ ತಪ್ಪು. ಅದೂ ಕೆಂಪು ಶಾಯಿಯಲ್ಲಿ, ಫ್ರಿಜ್ಜಿನ ಬಾಗಿಲ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ.

ಇನ್ನೊಂದು ಕಾರಣವನ್ನು ತೋರಿಸಿಕೊಟ್ಟವರು ಅತ್ತೆ. ಈ ಪಂದ್ಯಗಳ ಪ್ರಸಾರದಲ್ಲಿ ಕ್ಯಾಮೆರಾ ಮತ್ತೆ ಮತ್ತೆ ಆಟಗಾರರ ತಂದೆತಾಯಿಯರ ಕಡೆ ತಿರುಗುತ್ತದೆ. ಮಗನ ಹೆಸರಿನ ಜರ್ಸಿ ತೊಟ್ಟ ಅಮ್ಮ ಕಣ್ಣು ಮುಚ್ಚಿಕೊಂಡಿರುತ್ತಾಳೆ. ಅಪ್ಪ ತಾನೇ ಫ್ರೀ ಥ್ರೋ ಎಸೆಯುವವನ ಹಾಗೆ ಮುಂದೆ ಬಾಗಿರುತ್ತಾನೆ. ಕೊನೆಯ ವರ್ಷದ ಹುಡುಗನೊಬ್ಬ ಸೋತು ಹೊರಬರುವಾಗ ಜರ್ಸಿಯನ್ನೇ ಎಳೆದು ಮುಖ ಮುಚ್ಚಿಕೊಂಡರೆ, ಅತ್ತೆ ಟೀವಿಯಲ್ಲಿ ಅವನ ತಾಯಿ ಎಲ್ಲಿ ಕೂತಿದ್ದಾಳೆಂದು ಹುಡುಕುತ್ತಿದ್ದರು. "ಇವರು ಸಂಬಳಕ್ಕೆ ಆಡೋರಲ್ಲ, ಮನೆ ಮಕ್ಕಳು" ಎಂದು ಅವರು ಹೇಳಿದ ಸಂಜೆ, ಯಜಮಾನರು ಕುಂಬ್ಳೆಯವರ ತಾಯಿಯ ಕಥೆಯನ್ನು ಇನ್ನೊಮ್ಮೆ ಹೇಳಿದರು. ಆ ಸಲ ಮಗಳೂ ಮಗನೂ ಎದ್ದು ಹೋಗದೆ ಪೂರ್ತಿ ಕೇಳಿದ್ದು ವಿಶೇಷ.

ಯುಗಾದಿ, 2022

ಅಷ್ಟರಲ್ಲಿ ಮಗಳು ಚಾಪೆಲ್ ಹಿಲ್‌ನಲ್ಲಿ ಕೊನೆಯ ವರ್ಷಕ್ಕೆ ಬಂದಿದ್ದಳು, ಮಗ ರಾಲಿಯ ಎನ್‌ಸಿ ಸ್ಟೇಟ್ ಸೇರಿದ್ದ. ರಿಯಾಯಿತಿ ದರದ ಟೀಶರ್ಟುಗಳ ಕಾಲ ಮುಗಿದು, ಫೀಸು ಕಟ್ಟಿ ಪಡೆದ ನಿಷ್ಠೆಯ ಕಾಲ ಬಂದಿತ್ತು. 8ನೇ ಶ್ರೇಯಾಂಕದಲ್ಲಿ ಒಳಗೆ ಬಂದ ನಾರ್ತ್ ಕೆರೊಲಿನಾ ನಾಲ್ಕು ಪಂದ್ಯ ಗೆದ್ದು, ನಾಲ್ಕೇ ತಂಡಗಳು ಉಳಿಯುವ ಫೈನಲ್ ಫೋರ್ ಸುತ್ತು ತಲುಪಿ, ಅಲ್ಲಿ ಡ್ಯೂಕ್‌ಗೆ ಎದುರಾಯಿತು. ಹತ್ತು ಮೈಲಿ ಅಂತರದ ಈ ಎರಡು ಕಾಲೇಜುಗಳು ಅಷ್ಟೆಲ್ಲ ವರ್ಷಗಳಲ್ಲಿ ಈ ಪಂದ್ಯಾವಳಿಯಲ್ಲಿ ಒಮ್ಮೆಯೂ ಮುಖಾಮುಖಿಯಾಗಿರಲಿಲ್ಲ. ಸಾಲದ್ದಕ್ಕೆ, ಡ್ಯೂಕ್ ತಂಡವನ್ನು 42 ವರ್ಷ ತರಬೇತುಗೊಳಿಸಿದ ಮೈಕ್ ಶಶೆಫ್ಸ್ಕಿ ಆ ವರ್ಷ ನಿವೃತ್ತರಾಗುವವರಿದ್ದರು. ಸೋತರೆ ಅದೇ ಅವರ ಕೊನೆಯ ಪಂದ್ಯ. ದಿನಾಂಕ ಏಪ್ರಿಲ್ 2, ಶನಿವಾರ. ಊರಿನ ಪಂಚಾಂಗದ ಪ್ರಕಾರ ಅಂದೇ ಯುಗಾದಿ. ಇಲ್ಲಿಯ ಸೂರ್ಯೋದಯದ ಲೆಕ್ಕ ಹಿಡಿದರೆ ಪಾಡ್ಯ ಹಿಂದಿನ ದಿನವೇ ಬರುತ್ತದೆ ಎಂದು ಇವರು ವಾದ ಹೂಡಿದರೂ, ಶುಕ್ರವಾರ ಎಲ್ಲರಿಗೂ ಆಫೀಸು ಕಾಲೇಜು ಇದ್ದದ್ದರಿಂದ ಮೈಸೂರಿನ ಲೆಕ್ಕಕ್ಕೇ ಬಹುಮತ ಬಂತು.

ಮಗಳು ಮಧ್ಯಾಹ್ನ ಬಂದು ಬೇವುಬೆಲ್ಲ ತಿಂದು, ಎರಡು ಹೋಳಿಗೆ ಉಂಡು, ಇನ್ನಾರನ್ನು ಡಬ್ಬಿಗೆ ಹಾಕಿಸಿಕೊಂಡು ಚಾಪೆಲ್ ಹಿಲ್‌ಗೆ ಹಿಂತಿರುಗಿದಳು. ಗೆದ್ದರೆ ಫ್ರಾಂಕ್ಲಿನ್ ಸ್ಟ್ರೀಟಿಗೆ ನುಗ್ಗುವ ಸಾವಿರಾರು ಜನರಲ್ಲಿ ತಾನೂ ಇರಬೇಕು ಎಂಬುದು ಅವಳ ಹಟ. ಮನೆಯಲ್ಲಿ ಉಳಿದವರು ನಾವು ಮೂವರು, ಜೊತೆಗೆ ಮೈಸೂರಿನಿಂದ ವಿಡಿಯೊ ಕಾಲಿನಲ್ಲಿ ಅತ್ತೆ. ಇಲ್ಲಿ ರಾತ್ರಿ ಒಂಬತ್ತರ ಹತ್ತಿರ, ಅಲ್ಲಿ ಬೆಳಗಿನ ಆರೂವರೆ ಹತ್ತಿರ. ಫೋನನ್ನು ಒಗ್ಗರಣೆ ಡಬ್ಬಿಗೆ ಆನಿಸಿ ಟೀವಿಯ ಕಡೆ ತಿರುಗಿಸಿಟ್ಟೆವು. ಅವರಿಗೆ ಕಾಣಿಸುತ್ತಿದ್ದದ್ದು ಅರ್ಧ ಟೀವಿ, ಅರ್ಧ ಮಗನ ಬೆನ್ನು. ಆ ಮಗ ಸ್ಟೇಟ್‌ನವನಾದ್ದರಿಂದ ಇಬ್ಬರೂ ಸೋಲಲಿ ಎಂದು ಹಾರೈಸುವ ವಿಚಿತ್ರ ಸ್ಥಿತಿಯಲ್ಲಿದ್ದ. ಅದು ಸಾಧ್ಯವಿಲ್ಲವೆಂದು ತಿಳಿದ ಮೇಲೆ, ಅಕ್ಕನ ಸಲುವಾಗಿ ತಿಳಿನೀಲಿಯ ಪರ ಕೂತಿದ್ದೇನೆ, ಇದನ್ನು ಯಾರೂ ಅವಳಿಗೆ ಹೇಳಕೂಡದು ಎಂದ. ಮುನ್ನಡೆ ಒಬ್ಬರಿಂದೊಬ್ಬರಿಗೆ ಹೋಗುತ್ತಲೇ ಇತ್ತು. ಕೊನೆಯ ಅರ್ಧ ನಿಮಿಷದೊಳಗೆ ಕೇಲಬ್ ಲವ್ ಎಂಬವನು ಎದುರಾಳಿಯ ಕೈ ಮುಖದ ಮೇಲೆಯೇ ಇದ್ದರೂ ಎಸೆದ ಚೆಂಡು ಬುಟ್ಟಿಯ ಬಲೆ ಬಿಟ್ಟು ಬೇರೇನನ್ನೂ ಮುಟ್ಟದೆ ಒಳಗೆ ಬಿತ್ತು. ಅವನಿಗೆ ಅದು ಆ ರಾತ್ರಿಯ 28 ಅಂಕಗಳಲ್ಲಿ ಮೂರು. 81-77. ಮಗ ಕುಣಿದ ರಭಸಕ್ಕೆ ಫೋನು ಮಗುಚಿ ಬಿದ್ದು, ಅತ್ತೆಗೆ ಸ್ವಲ್ಪ ಹೊತ್ತು ನಮ್ಮ ಮನೆಯ ಫ್ಯಾನು ಮಾತ್ರ ಕಂಡಿತು. "ಯಾರು ಗೆದ್ರೋ, ಯಾರಾದ್ರೂ ಹೇಳ್ರೋ" ಎಂದು ಅವರು ಕೇಳುತ್ತಲೇ ಇದ್ದರು.

ಸೋಮವಾರದ ಫೈನಲ್ಲಿಗೆ ಮಗಳು ಮನೆಗೇ ಬಂದಳು. ಕ್ಯಾನ್ಸಸ್ ವಿರುದ್ಧ ಅರ್ಧ ಆಟದಲ್ಲಿ 40-25 ಮುಂದಿದ್ದವರು 72-69ರಿಂದ ಸೋತರು. ಫೈನಲ್ ಪಂದ್ಯಗಳ ಇತಿಹಾಸದಲ್ಲಿಯೇ ಅರ್ಧ ಆಟದ ಹೊತ್ತಿಗೆ ಅಷ್ಟು ಹಿಂದೆ ಬಿದ್ದ ತಂಡವೊಂದು ಗೆದ್ದಿರಲಿಲ್ಲ. ಅದರ ಬಗ್ಗೆ ನಮ್ಮ ಮನೆಯಲ್ಲಿ ಈಗಲೂ ಹೆಚ್ಚು ಮಾತನಾಡುವಂತಿಲ್ಲ.

ಸಂಬಳದ ಮಾತು

ಅತ್ತೆ ಅಂದದ್ದು, ಇವರು ಸಂಬಳಕ್ಕೆ ಆಡುವವರಲ್ಲ ಎಂಬುದು, ಆಗ ನಿಜವಾಗಿತ್ತು. ಅದರ ಹಿಂದಿನ ಅನ್ಯಾಯವನ್ನು ಎತ್ತಿ ತೋರಿಸಿದವಳು ಮಗಳು. ಪುರುಷರ ಪಂದ್ಯಾವಳಿಯ ಪ್ರಸಾರದ ಹಕ್ಕಿಗೆ 2010ರಲ್ಲಿ 14 ವರ್ಷಗಳಿಗೆ 1,080 ಕೋಟಿ ಡಾಲರ್ ಒಪ್ಪಂದವಾಗಿತ್ತು; 2016ರಲ್ಲಿ ಅದನ್ನು 2032ರವರೆಗೆ ಮುಂದುವರಿಸಿದಾಗ ಮತ್ತೆ 880 ಕೋಟಿ ಡಾಲರ್ ಸೇರಿತು. ಆಟಗಾರರಿಗೆ ಸಿಗುತ್ತಿದ್ದದ್ದು ವಿದ್ಯಾರ್ಥಿವೇತನ, ಊಟ, ವಸತಿ. ತರಬೇತುದಾರರಿಗೆ ಲಕ್ಷಗಟ್ಟಲೆ ಡಾಲರ್. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದೆಂದಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡುತ್ತಿವೆ. ಇದು ಆಗಬೇಕಾದದ್ದೇ. ಜೊತೆಗೇ ಹುಡುಗರು ವರ್ಷವರ್ಷವೂ ಕಾಲೇಜು ಬದಲಿಸುವುದೂ ಸುಲಭವಾಗಿದೆ; ನಾಲ್ಕು ವರ್ಷ ಒಂದೇ ಜರ್ಸಿಯಲ್ಲಿ ಬೆಳೆಯುವ ಹುಡುಗನನ್ನು ನೋಡುವ ಸುಖ ಕಡಿಮೆಯಾಗಿದೆ. ಎರಡೂ ಮಾತುಗಳನ್ನು ಒಟ್ಟಿಗೆ ಹೇಳಿದರೆ ಮಗಳಿಗೆ ಸಿಟ್ಟು ಬರುತ್ತದೆ. ನಿಮ್ಮ ಸುಖಕ್ಕಾಗಿ ಅವರು ಬಿಟ್ಟಿ ಆಡಬೇಕಿತ್ತೇ ಎಂದು ಕೇಳುತ್ತಾಳೆ. ನನ್ನ ಬಳಿ ಒಳ್ಳೆಯ ಉತ್ತರವಿಲ್ಲ.

ಮಹಿಳೆಯರ ಪಂದ್ಯಾವಳಿಗೂ ಹಾಳೆ ತುಂಬಬೇಕೆಂಬ ನಿಯಮ ತಂದವಳೂ ಅವಳೇ. 2021ರಲ್ಲಿ ಪುರುಷರಿಗೆ ದೊಡ್ಡ ವ್ಯಾಯಾಮಶಾಲೆಯನ್ನೂ, ಮಹಿಳೆಯರಿಗೆ ಒಂದು ಸಣ್ಣ ಡಂಬೆಲ್ ಸ್ಟ್ಯಾಂಡನ್ನೂ ಕೊಟ್ಟದ್ದನ್ನು ಆಟಗಾರ್ತಿಯೊಬ್ಬಳು ವಿಡಿಯೊ ಮಾಡಿ ಹಾಕಿದ್ದಳು. ಅದನ್ನು ನೋಡಿದ ದಿನವೇ ಈ ನಿಯಮ ಜಾರಿಗೆ ಬಂತು. ಮೂರು ವರ್ಷಗಳ ನಂತರ, ಕೇಟ್ಲಿನ್ ಕ್ಲಾರ್ಕ್ ಆಡಿದ ಮಹಿಳೆಯರ ಫೈನಲ್ಲನ್ನು 1.85 ಕೋಟಿಗೂ ಹೆಚ್ಚು ಜನ ನೋಡಿದರೆ, ಪುರುಷರ ಫೈನಲ್ಲನ್ನು ನೋಡಿದವರು 1.5 ಕೋಟಿಗೂ ಕಡಿಮೆ. ಅಂದು ಅವಳು ಆ ಎರಡು ಸಂಖ್ಯೆಗಳನ್ನು ಮಾತ್ರ ಮನೆಯ ವಾಟ್ಸಾಪ್ ಗುಂಪಿಗೆ ಕಳಿಸಿದಳು, ಬೇರೆ ಏನನ್ನೂ ಬರೆಯಲಿಲ್ಲ.

ಅದೇ 2024 ಮಗನ ವರ್ಷವೂ ಹೌದು. ಸಾಮಾನ್ಯ ಋತುವಿನ ಕೊನೆಯ ನಾಲ್ಕೂ ಪಂದ್ಯ ಸೋತಿದ್ದ ಎನ್‌ಸಿ ಸ್ಟೇಟ್, ಎಸಿಸಿ ಪಂದ್ಯಾವಳಿಯಲ್ಲಿ ಐದು ದಿನಕ್ಕೆ ಐದು ಪಂದ್ಯ ಗೆದ್ದು, ಕೊನೆಯದರಲ್ಲಿ ಅಕ್ಕನ ಕಾಲೇಜನ್ನೇ ಸೋಲಿಸಿ, 11ನೇ ಶ್ರೇಯಾಂಕದಲ್ಲಿ ಒಳಗೆ ಬಂತು. ಆ ಐದನ್ನೂ ಗೆಲ್ಲದಿದ್ದರೆ ದೊಡ್ಡ ಪಂದ್ಯಾವಳಿಯ ಬಾಗಿಲೇ ತೆರೆಯುತ್ತಿರಲಿಲ್ಲ. ಆಮೇಲೆ ನಾಲ್ಕು ಗೆಲುವು. ನಾಲ್ಕನೆಯದು ಡ್ಯೂಕ್ ಮೇಲೆ, 76-64. ಮದುವೆಮನೆಯ ಅಡುಗೆ ಭಟ್ಟರ ಮೈಕಟ್ಟಿನ ಡಿಜೆ ಬರ್ನ್ಸ್ ಎಂಬ ಎಡಚ, ಎದುರಾಳಿಗೆ ಬೆನ್ನು ಕೊಟ್ಟು ನಿಧಾನವಾಗಿ ತಳ್ಳಿಕೊಂಡು ಹೋಗಿ, ನರ್ತಕನ ಹಾಗೆ ತಿರುಗಿ ಚೆಂಡು ಹಾಕುವುದನ್ನು ನೋಡಲೆಂದೇ ಇವರು ಆಫೀಸಿನಿಂದ ಬೇಗ ಬಂದದ್ದುಂಟು. ಆ ಕಾಲೇಜು ಫೈನಲ್ ಫೋರ್ ಕಂಡದ್ದು 1983ರ ನಂತರ ಅದೇ ಮೊದಲು. ಆ ವರ್ಷ ಅಲ್ಲಿಯ ಮಹಿಳೆಯರ ತಂಡವೂ ಫೈನಲ್ ಫೋರ್ ತಲುಪಿತ್ತು. ಮಗನ ಸ್ವಂತ ಹಾಳೆಯಲ್ಲಿ ಸ್ಟೇಟ್ ಮೊದಲ ಸುತ್ತಿನಲ್ಲಿಯೇ ಸೋತಿತ್ತು. ಅಕ್ಕ ಅದರ ಫೋಟೊ ಜೋಪಾನವಾಗಿ ಇಟ್ಟುಕೊಂಡಿದ್ದಾಳೆ.

ಈಗ ಇಬ್ಬರೂ ಕೆಲಸದ ಮೇಲೆ ಬೇರೆ ಬೇರೆ ಊರುಗಳಲ್ಲಿದ್ದಾರೆ. ಹಾಳೆ ಹೋಗಿ ಆ್ಯಪ್ ಬಂದಿದೆ. ಅತ್ತೆ ಫೋನಿನಲ್ಲಿ ಹೇಳುತ್ತಾರೆ, ಮಗ ತುಂಬುತ್ತಾನೆ. 2025ರಲ್ಲಿ ನಾಲ್ಕೂ ಮೊದಲ ಶ್ರೇಯಾಂಕದ ತಂಡಗಳೇ ಫೈನಲ್ ಫೋರ್ ತಲುಪಿದಾಗ, ಹಣವಿದ್ದವರು ಒಳ್ಳೆಯ ಆಟಗಾರರನ್ನೆಲ್ಲ ಕೊಂಡುಕೊಂಡರೆ ಇನ್ನು ಬಫಲೋಗಳು ಗೆಲ್ಲುವುದು ಕಷ್ಟ ಎಂದು ಅವನು ಬೇಸರಪಟ್ಟ. ಯಾರು ಯಾವ ಕಾಲೇಜಿನಲ್ಲಿದ್ದಾರೆಂದು ನೆನಪಿಡುವುದೇ ಆಗುತ್ತಿಲ್ಲ ಎಂದೂ ಹೇಳಿದ. ಅತ್ತೆಗೆ ಆ ತೊಂದರೆಯೇ ಇಲ್ಲ. ಆಟಗಾರರ ಹೆಸರು ಅವರಿಗೆ ಎಂದೂ ಬೇಕಾಗಿರಲಿಲ್ಲ. ಆ ವರ್ಷ ಅವರ ಚಾಂಪಿಯನ್ ಹ್ಯೂಸ್ಟನ್. ಡ್ಯೂಕ್ ಮೇಲೆ ಕೈಬಿಟ್ಟ ಪಂದ್ಯವನ್ನು ಹಿಂತಿರುಗಿ ಗೆದ್ದು ಫೈನಲ್ಲಿಗೆ ಬಂದು, ಫ್ಲೋರಿಡಾ ಎದುರು 65-63ರಿಂದ, ಕೊನೆಯ ಸರದಿಯಲ್ಲಿ ಚೆಂಡನ್ನು ಬುಟ್ಟಿಯತ್ತ ಎಸೆಯಲೂ ಆಗದೆ ಸೋತಿತು. ಮೈಸೂರಿನಲ್ಲಿ ಆಗ ಮಂಗಳವಾರ ಬೆಳಿಗ್ಗೆ; ಎರಡನೆಯ ಕಾಫಿಯ ಹೊತ್ತು. "ಎರಡೇ ಪಾಯಿಂಟು, ಅದೇನು ದೊಡ್ಡದಲ್ಲ" ಎಂದರು. ಆಮೇಲೆ ಬಫಲೋದಲ್ಲಿ ಓದಿದ ತಂಗಿಯ ಮೊಮ್ಮಗ ಕೆಲಸ ಬದಲಿಸಿ ಆಸ್ಟಿನ್‌ಗೆ ಹೋಗಿದ್ದಾನೆಂದು ತಿಳಿಸಿ, ಅಲ್ಲಿ ಕಾಲೇಜು ಇದೆಯೇ, ಇದ್ದರೆ ಹುಡುಗರು ಹೇಗೆ ಆಡುತ್ತಾರೆ ಎಂದು ಮೊಮ್ಮಗನನ್ನು ವಿಚಾರಿಸಿದರು. ಇದೆ ಅಜ್ಜಿ, ದೊಡ್ಡ ಕಾಲೇಜೇ ಇದೆ, ಆದರೆ ಅಂಕಿಅಂಶ ನೋಡಿ ಹೇಳಬೇಕು ಎಂದು ಅವನೆಂದ. ನೀನು ನೋಡ್ತಾ ಇರು, ಮುಂದಿನ ಸಲಕ್ಕೆ ಅದನ್ನೇ ಬರೆದುಬಿಡು ಎಂದು ಅವರು ಫೋನ್ ಇಟ್ಟರು.